ಸಭೆಯಲ್ಲಿ ನಾಲ್ಕು ಮಾತು

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಭಾಷಣ ಸ್ಪರ್ಧೆಯೊಂದಕ್ಕಾಗಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟೆ. ವಿಷಯ 'ಕೈಗಾರಿಕೆ ಮತ್ತು ದೇಶದ ಏಳಿಗೆ'. ಭಾಷಣವನ್ನು ನೆರೆಮನೆಯ ಹಿರಿಯರೊಬ್ಬರು ಬರೆದುಕೊಟ್ಟಿದ್ದರು. ಹದಿನೈದು ದಿನ ಉರುಹೊಡೆದು, ಬಸ್ಸಿನಲ್ಲಿಯೂ ಅದನ್ನೇ ಮನಸ್ಸಿನಲ್ಲಿ ಒಪ್ಪಿಸಿಕೊಳ್ಳುತ್ತಿದ್ದೆ. ವೇದಿಕೆಯೇರಿ ಅಧ್ಯಕ್ಷರನ್ನೂ ಸಭಿಕರನ್ನೂ ಸಂಬೋಧಿಸಿದೆ. ಮೂರು ವಾಕ್ಯಗಳು ಸುಲಲಿತವಾಗಿ ಬಂದವು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಾಲ್ಕನೆಯ ವಾಕ್ಯ ಬರಲೇ ಇಲ್ಲ. ಮೊದಲಿನಿಂದ ಆರಂಭಿಸಿದೆ, ಅದೇ ಜಾಗದಲ್ಲಿ ಮತ್ತೆ ನಿಂತಿತು. ಕೈಮುಗಿದು ಇಳಿದುಬಂದೆ.

ಅಂದು ರಾತ್ರಿ ತಂದೆಯವರು ಗದರಿಸಲಿಲ್ಲ. ಅವರು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿಯುತ್ತಿದ್ದವರು. "ಅವರಿಗೆಲ್ಲ ಏನು ಹೇಳಬೇಕೆಂದು ಹೋಗಿದ್ದೆ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಭಾಷಣವೇನೋ ಕಂಠಪಾಠವಾಗಿತ್ತು, ಹೇಳಬೇಕಾದದ್ದು ಏನೆಂಬುದು ಮಾತ್ರ ತಿಳಿದಿರಲಿಲ್ಲ. ಕೈಗಾರಿಕೆಯನ್ನು ಕುರಿತ ಆ ನಾಲ್ಕು ಪುಟಗಳಲ್ಲಿ ನನ್ನ ತಂದೆಯ ಅಂಗೈಯ ಮೇಲಿದ್ದ ಸುಟ್ಟ ಕಲೆಗೆ ಒಂದು ಸಾಲಿನ ಸ್ಥಳವೂ ಇರಲಿಲ್ಲ.

ಭಾಷಣಕ್ಕೆ ಸಿದ್ಧನಾಗುವುದೆಂದರೆ ಬಾಯಿಪಾಠ ಮಾಡುವುದೆಂದು ಬಹಳ ಮಂದಿ ತಿಳಿದಿದ್ದಾರೆ. ಮಾತು ಹುಟ್ಟುಗುಣ, ಅದಕ್ಕೆ ಸಿದ್ಧತೆಯೇ ಬೇಡ ಎನ್ನುವವರೂ ಇದ್ದಾರೆ. ಭದ್ರಾವತಿಯ ಕಾರ್ಖಾನೆಗೆ ಕಾರಣಪುರುಷರಾದ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಒಂದು ಪ್ರಸಂಗವನ್ನು ಹೇಳುವುದುಂಟು. ದಿವಾನರಾಗಿದ್ದಾಗ ಅವರು ಹಳ್ಳಿಯೊಂದರ ಶಾಲೆಗೆ ಹೋಗಿದ್ದರಂತೆ. ಮಕ್ಕಳಿಗೆ ಮಿಠಾಯಿ ಹಂಚಲು ಉಪಾಧ್ಯಾಯರ ಕೈಗೆ ಹಣ ಕೊಟ್ಟರು. ಉಪಾಧ್ಯಾಯರು ನಾಲ್ಕು ಮಾತು ಹೇಳಬೇಕೆಂದು ಕೋರಿದಾಗ ತೋಚಿದಷ್ಟನ್ನು ಹೇಳಿ ಹೊರಟರು. ಮಕ್ಕಳಿಗೆ ಸಂತೋಷವೇ ಆಗಿತ್ತು. ಅವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಕೆಲವು ದಿನಗಳ ಬಳಿಕ, ಹೇಳಬೇಕಾದದ್ದನ್ನು ಸಿದ್ಧಪಡಿಸಿಕೊಂಡು, ಅದೇ ಶಾಲೆಗೆ ಮರಳಿ ಹೋಗಿ, ಮತ್ತೆ ಮಿಠಾಯಿ ಹಂಚಿಸಿ ಮಾತನಾಡಿದರಂತೆ. ಇಡೀ ಸಂಸ್ಥಾನದ ಆಡಳಿತ ಹೊತ್ತಿದ್ದವರು ಹಳ್ಳಿಯ ಮಕ್ಕಳಿಗಾಗಿ ಹೀಗೆ ಮಾಡಿದರೆನ್ನುವುದು ನನಗೆ ಅವರ ಯಾವ ಕಟ್ಟಡಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಕೇಳುವವರು ತಮ್ಮ ಹೊತ್ತನ್ನು ನಮಗೆ ಕೊಟ್ಟಿರುತ್ತಾರೆ. ಮೂವತ್ತು ಜನರ ಮುಂದೆ ಹತ್ತು ನಿಮಿಷ ವ್ಯರ್ಥವಾಗಿ ಮಾತನಾಡಿದವನು ಐದು ಗಂಟೆಗಳನ್ನು ಹಾಳುಮಾಡಿದಂತಾಯಿತು.

ಸಿದ್ಧತೆ ಎಲ್ಲಿಂದ ಆರಂಭವಾಗಬೇಕು? ನಿಮಗೆ 'ನಮ್ಮ ಊರು' ಎಂಬ ವಿಷಯ ಬಂದಿದೆಯೆಂದೂ ನೀವು ಭದ್ರಾವತಿಯವರೆಂದೂ ಭಾವಿಸೋಣ. ಭದ್ರಾನದಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆ—ಎಲ್ಲವನ್ನೂ ಐದು ನಿಮಿಷದಲ್ಲಿ ಹೇಳಹೊರಟರೆ ಅದು ಅಂಗಡಿಯ ಪಟ್ಟಿಯಾದೀತು. ಒಂದನ್ನು ಹಿಡಿಯಿರಿ. 1923ರಲ್ಲಿ ಇಲ್ಲಿ ಕಬ್ಬಿಣ ಕರಗಲಾರಂಭಿಸಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಕುಲುಮೆ ಉರಿದದ್ದು ಮಲೆನಾಡಿನ ಮರಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಕೆಲಸವೂ ಅದೇ, ಕಾಡನ್ನು ಬೇಡಿದ ಕೆಲಸವೂ ಅದೇ. ನಮ್ಮ ಊರು ಮಲೆನಾಡಿನಿಂದ ಪಡೆದುದೇನು, ಅದಕ್ಕೆ ಮರಳಿಸಬೇಕಾದುದೇನು? ಇಂಥ ಒಂದು ಪ್ರಶ್ನೆ ದೊರೆತರೆ ಭಾಷಣಕ್ಕೆ ಬೆನ್ನೆಲುಬು ಬಂದಂತೆ. ಅನಂತರ ಗ್ರಂಥಾಲಯಕ್ಕೆ ಹೋಗಿ ಇಸವಿಗಳನ್ನು ಸರಿಯಾಗಿ ಗುರುತುಮಾಡಿಕೊಳ್ಳಿ. ಕಾರ್ಖಾನೆಯಲ್ಲಿ ದುಡಿದ ಹಿರಿಯರಿದ್ದರೆ ಅವರ ಬಳಿ ಕುಳಿತು ಕೇಳಿ. ಪ್ರಶ್ನೆಗೆ ಸಂಬಂಧವಿಲ್ಲದ್ದು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಈ ಬಿಡುವ ಕೆಲಸವೇ ಕಷ್ಟದ್ದು.

ಆರಂಭಕ್ಕೆ ಕಾರ್ಖಾನೆ ಬರುವ ಮೊದಲೇ ಊರಿಗಿದ್ದ ಹೆಸರೊಂದು ಸಾಕು: ಬೆಂಕಿಪುರ. ಆ ಹೆಸರನ್ನು ಕೇಳಿದೊಡನೆ ಸಭೆ ತಲೆಯೆತ್ತುತ್ತದೆ. "ನನಗೆ ಹೆಚ್ಚೇನೂ ತಿಳಿಯದು, ತಪ್ಪಿದ್ದರೆ ಕ್ಷಮಿಸಿ" ಎಂದು ತೊಡಗುವವರನ್ನು ಕಂಡರೆ ನನಗೆ ಕನಿಕರ. ಏನೂ ತಿಳಿಯದಿದ್ದರೆ ಎದ್ದುದೇಕೆ?

ಭಾಷಣವನ್ನು ಒಮ್ಮೆ ಪೂರ್ತಿಯಾಗಿ ಬರೆಯಿರಿ. ಆದರೆ ಬರೆದುದನ್ನು ವೇದಿಕೆಗೆ ಒಯ್ಯಬೇಡಿ. ಅಂಗೈಯಗಲದ ಕಾಗದದ ಮೇಲೆ ಐದಾರು ಪದಗಳನ್ನು ದಪ್ಪಕ್ಷರದಲ್ಲಿ ಗುರುತುಮಾಡಿಕೊಂಡರೆ ಸಾಕು: ಬೆಂಕಿಪುರ, 1923, ಇದ್ದಿಲು, ಅಜ್ಜನ ಮಾತು, ಪ್ರಶ್ನೆ. ವಾಕ್ಯ ಮರೆತರೂ ವಿಚಾರ ಮರೆಯುವುದಿಲ್ಲ. ವಿಚಾರವಿದ್ದರೆ ಬೇರೆ ವಾಕ್ಯ ತಾನಾಗಿ ಬರುತ್ತದೆ. ನನಗೆ ಅಂದು ಇಲ್ಲದೆಹೋದದ್ದು ಇದೇ. ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಗಟ್ಟಿಯಾಗಿ, ನಿಂತುಕೊಂಡೇ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಆಡಿದ ಮಾತಿಗೆ ಉಸಿರು ಬೇಕಿಲ್ಲ, ಬಾಯಲ್ಲಿ ಆಡುವ ಮಾತಿಗೆ ಬೇಕು.

ಹೆಚ್ಚು ಹೊತ್ತು ಮಾತನಾಡಿದವನೇ ದೊಡ್ಡ ಭಾಷಣಕಾರನೆಂಬ ಭ್ರಮೆ ನಮ್ಮ ಸಭೆಗಳಲ್ಲಿ ಇನ್ನೂ ಉಳಿದಿದೆ. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ರಣಭೂಮಿಯಲ್ಲಿ ಮಡಿದ ಸೈನಿಕರ ಸ್ಮರಣೆಗಾಗಿ ಸೇರಿದ್ದ ಸಭೆಯಲ್ಲಿ ಪ್ರಸಿದ್ಧ ವಾಗ್ಮಿ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತನಾಡಿದರು. ಬಳಿಕ ಎದ್ದ ಅಧ್ಯಕ್ಷ ಲಿಂಕನ್ನರ ಮಾತು ಮೂರು ನಿಮಿಷವನ್ನೂ ಮೀರಲಿಲ್ಲ. ಲೋಕ ಇಂದಿಗೂ ಓದುತ್ತಿರುವುದು ಆ ಮೂರು ನಿಮಿಷದ ಮಾತನ್ನು.

ಚೆನ್ನಾಗಿ ಮಾತನಾಡಬೇಕೆನ್ನುವವರು ಚೆನ್ನಾಗಿ ಕೇಳಬೇಕು. ಇದಕ್ಕೆ ಶಿವಮೊಗ್ಗ ಒಳ್ಳೆಯ ಊರು. 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘ ಇಲ್ಲಿದೆ. 1943ರಲ್ಲಿ ದ. ರಾ. ಬೇಂದ್ರೆಯವರು, 1976ರಲ್ಲಿ ಎಸ್. ವಿ. ರಂಗಣ್ಣನವರು, 2006ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಮಾತನಾಡಿದ್ದು ಈ ಊರಿನಲ್ಲಿಯೇ. ಸಭೆಗೆ ಹೋದಾಗ ವಿಷಯವನ್ನಷ್ಟೇ ಅಲ್ಲ, ಮಾತನಾಡುವವರು ಎಲ್ಲಿ ನಿಲ್ಲಿಸುತ್ತಾರೆ, ಯಾರ ಕಡೆ ನೋಡುತ್ತಾರೆ ಎಂಬುದನ್ನೂ ಗಮನಿಸಿ. ಮೌನವೂ ಭಾಷಣದ ಭಾಗವೆಂಬುದು ಆಗ ತಿಳಿಯುತ್ತದೆ.

ಧ್ವನಿವರ್ಧಕ ಇದೆಯೆಂದು ಕೂಗಬೇಕಾಗಿಲ್ಲ, ಅದಕ್ಕೆ ಬಾಯಿ ಅಂಟಿಸಬೇಕಾಗಿಯೂ ಇಲ್ಲ. ಕೊನೆಯ ಸಾಲಿನವರಿಗೆ ಮಾತನಾಡುತ್ತಿದ್ದೇನೆ ಎಂದುಕೊಳ್ಳಿ. ಕಾಲು ನಡುಗಿದರೆ ನಡುಗಲಿ; ನನಗೆ ಈಗಲೂ ನಡುಗುತ್ತದೆ, ಸಭೆಗೆ ಅದು ಕಾಣುವುದಿಲ್ಲ.

ನನ್ನ ತಂದೆಯವರು ನಿವೃತ್ತರಾದಾಗ ಗೆಳೆಯರು ಸಣ್ಣ ಸಮಾರಂಭವೊಂದನ್ನು ಏರ್ಪಡಿಸಿದ್ದರು. ಆ ವೇಳೆಗೆ ನಾನು ಉಪಾಧ್ಯಾಯನಾಗಿದ್ದೆ, ನಾಲ್ಕು ಮಾತನಾಡೆಂದರು. ಜೇಬಿನಲ್ಲಿದ್ದ ಚೀಟಿಯಲ್ಲಿ ಮೂರೇ ಪದಗಳಿದ್ದವು, ಮೊದಲನೆಯದು 'ಅಂಗೈ'. ಕೊನೆಯ ಸಾಲಿನಲ್ಲಿ, ವರ್ಷಗಟ್ಟಲೆ ಕಾರ್ಖಾನೆಯ ಸದ್ದಿಗೆ ಕಿವಿ ಮಂದವಾಗಿದ್ದ ಅವರ ಜೊತೆಗಾರರು ಕುಳಿತಿದ್ದರು. ಅವರಿಗೂ ಕೇಳಿಸಲೆಂದು ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ, ನಾಲ್ಕು ನಿಮಿಷ ಮಾತನಾಡಿ ಕುಳಿತೆ.