ಗಾಳಕ್ಕೆ ಅಡುಗೆಮನೆಯ ಎರೆ

ಅಥಣಿ ತಾಲ್ಲೂಕಿನ ತೆಲಸಂಗದಂತಹ ಒಣಪ್ರದೇಶದಲ್ಲಿ ಬೇಸಿಗೆ ಬಂದಂತೆ ಕೃಷಿಹೊಂಡಗಳ ನೀರು ಇಳಿಯುತ್ತದೆ. ನೀರು ಬತ್ತುವ ಮೊದಲೇ ಮೀನು ಹಿಡಿಯದಿದ್ದರೆ ಸಾಕಿದ ಶ್ರಮ ವ್ಯರ್ಥ. ಬಲೆಯಿಲ್ಲದ ರೈತರು ಗಾಳದಿಂದ ದಿನವೂ ಒಂದಿಷ್ಟು ಹಿಡಿಯುತ್ತ ಬರಬಹುದು.

ಎರೆ: 2 ಪಾಲು ಗೋಧಿ ಹಿಟ್ಟು, 1 ಪಾಲು ಶೇಂಗಾ ಹಿಂಡಿಯ ಪುಡಿ, ತುಸು ಬೆಲ್ಲ ಸೇರಿಸಿ ಗಟ್ಟಿಯಾಗಿ ನಾದಿ, ಗಾಳದ ಮೊನೆ ಮುಚ್ಚುವಷ್ಟು ಉಂಡೆ ಕಟ್ಟಬೇಕು. ಜೋಳದ ಹಿಟ್ಟಿಗೆ ಅಂಟು ಕಡಿಮೆ. ಅದನ್ನು ಬಳಸುವುದಾದರೆ ರೊಟ್ಟಿಗೆ ನಾದುವಂತೆ ಬಿಸಿನೀರಿನಲ್ಲಿ ನಾದಬೇಕು.

ಆಳ: ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ದಾರವನ್ನು ಅದಕ್ಕೆ ತಕ್ಕಂತೆ ಇಳಿಬಿಡಬೇಕು.

ಎಚ್ಚರಿಕೆ: ಮೀನು ಸೇರಲೆಂದು ಹಿಟ್ಟನ್ನು ಹೆಚ್ಚು ಚೆಲ್ಲಬಾರದು. ಅದು ಕೊಳೆತರೆ ನೀರಿನಲ್ಲಿ ಆಮ್ಲಜನಕ ಕುಂದಿ, ಬೆಳಗಿನ ಜಾವ ಉಳಿದ ಮೀನೂ ಸಾಯಬಹುದು.