ದುರ್ಗದ ಹೊಂಡ, ಮಾರಿಕಣಿವೆ ಮತ್ತು ನಮ್ಮ ಶಾಲೆಯ ಮಾಳಿಗೆ



ದಸರಾ ರಜೆ ಕೊಡುವ ಮುಂಚೆ ನಮ್ಮ 9ನೇ ತರಗತಿಗೆ ವಿಜ್ಞಾನದ ಮೇಷ್ಟ್ರು ಒಂದು ಚಟುವಟಿಕೆ ಕೊಟ್ಟಿದ್ದರು. "ರಜೆಯಲ್ಲಿ ಎಲ್ಲಿಗೇ ಹೋಗಿ, ಅಲ್ಲಿ ನೀರು ಎಲ್ಲಿಂದ ಬರುತ್ತೆ, ಎಲ್ಲಿ ನಿಲ್ಲುತ್ತೆ, ತುಂಬಿದ ಮೇಲೆ ಎಲ್ಲಿಗೆ ಹೋಗುತ್ತೆ, ಈ ಮೂರನ್ನು ಬರ್ಕೊಂಡು ಬನ್ನಿ" ಎಂದಿದ್ದರು. ಪ್ರವಾಸದ ಪ್ರಬಂಧ ಎಂದರೆ ನಾವು ಎಷ್ಟು ಗಂಟೆಗೆ ಎದ್ದೆವು, ಬಸ್ಸಿನಲ್ಲಿ ಯಾರು ವಾಂತಿ ಮಾಡಿದರು ಎಂದೇ ಒಂದು ಪುಟ ತುಂಬಿಸುತ್ತೇವೆ. ಈ ಸಲ ಅದನ್ನು ಬಿಟ್ಟು ಆ ಮೂರು ಪ್ರಶ್ನೆಗಳನ್ನೇ ಹಿಡಿದು ಬರೆದಿದ್ದೇನೆ.

ನಮ್ಮ ಮನೆಗೆ ಈ ಪ್ರಶ್ನೆ ಬರೀ ಪಾಠದ್ದಲ್ಲ. ಹೊಲದ ಬೋರು ಬತ್ತಿ ಎರಡು ವರ್ಷ ಆಯಿತು. ಇನ್ನೊಂದು ಬೋರು ಕೊರೆಸಬೇಕು ಅಂತ ಅಪ್ಪ. "ಸಾಲ ಮಾಡಿ ಪಾತಾಳಕ್ಕೆ ದುಡ್ಡು ಸುರೀಬ್ಯಾಡಪ್ಪ, ತಗ್ಗಿನ ಮೂಲೇಲಿ ಒಂದು ಹೊಂಡ ತೆಗಿ" ಅಂತ ಅಜ್ಜಿ. ಈ ಮಾತು ಊಟಕ್ಕೆ ಕೂತಾಗೆಲ್ಲ ಬರುತ್ತಿತ್ತು. ಅವ್ವ ಮಾತ್ರ ಎರಡೂ ಕಡೆಗೂ ತಲೆ ಆಡಿಸುತ್ತಿದ್ದಳು.

ಮೊದಲು ಶಾಲೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ರಜೆಗೆ ಮುಂಚೆ ಉತ್ತರೆ ಮಳೆ ಬರುತ್ತಿದ್ದಾಗ ನಾವು ಮಳೆ ಅಳೆಯುವ ಡಬ್ಬಿ ಇಟ್ಟಿದ್ದೆವು. ಇದಕ್ಕೆ ಖರ್ಚಿಲ್ಲ. ಬುಡದಿಂದ ಬಾಯಿತನಕ ಒಂದೇ ಅಗಲ ಇರುವ ನೆಟ್ಟಗಿನ ಡಬ್ಬಿ ಸಾಕು. ಮರದ ಕೆಳಗಾಗಲಿ ಗೋಡೆ ಪಕ್ಕವಾಗಲಿ ಇಡದೆ ಬಯಲಲ್ಲಿ ಇಡಬೇಕು. ಗಾಳಿಗೆ ಬೀಳದಂತೆ ಸುತ್ತ ಕಲ್ಲು ಕೊಡಬೇಕು. ಬೆಳಿಗ್ಗೆ ಸ್ಕೇಲು ಇಳಿಸಿ ನೋಡಿದರೆ ನೀರು ಎಷ್ಟು ಮಿಲಿಮೀಟರ್ ಇದೆಯೋ ಅಷ್ಟೇ ಮಳೆ. ದೊಡ್ಡ ಡಬ್ಬಿ ಇಟ್ಟರೆ ಮಳೆ ಜಾಸ್ತಿ ತೋರಿಸುವುದಿಲ್ಲವೇ ಎಂದು ಕೆಲವರು ಕೇಳಿದರು. ತೋರಿಸುವುದಿಲ್ಲ. ಬಾಯಿ ಅಗಲವಾದರೆ ಹೆಚ್ಚು ನೀರು ಬೀಳುತ್ತದೆ ನಿಜ, ಆದರೆ ಅದು ಅಷ್ಟೇ ಅಗಲದ ತಳದಲ್ಲಿ ಹರಡಿಕೊಳ್ಳುತ್ತದೆ. ಎತ್ತರ ಒಂದೇ ಇರುತ್ತದೆ.

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್. ಇದನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ, ಮುಂದೆಲ್ಲ ಬೇಕಾಗುತ್ತದೆ. ನಮ್ಮ ಶಾಲೆಯ ಮಾಳಿಗೆಯನ್ನು ಟೇಪಿನಲ್ಲಿ ಅಳೆದಾಗ ಉದ್ದ 20 ಮೀಟರ್, ಅಗಲ 8 ಮೀಟರ್ ಬಂತು. ಎಂದರೆ 160 ಚದರ ಮೀಟರ್. ಒಂದು ರಾತ್ರಿ ಡಬ್ಬಿಯಲ್ಲಿ 25 ಮಿ.ಮೀ. ನಿಂತಿತ್ತು. 160ನ್ನು 25ರಿಂದ ಗುಣಿಸಿದರೆ 4,000 ಲೀಟರ್! ಆ ನೀರೆಲ್ಲ ಪೈಪಿನಿಂದ ಇಳಿದು ಗೇಟಿನ ಮುಂದೆ ಗುಂಡಿ ಮಾಡಿ ರಸ್ತೆಗೆ ಹೋಯಿತು. ಅದೇ ವಾರ ನಮ್ಮ ಕೈತೋಟದ ಟೊಮೆಟೊ ಸಸಿಗಳಿಗೆ ನಾವು ಕೈಪಂಪಿನಿಂದ ಕೊಡ ಹೊತ್ತಿದ್ದೆವು.

ವಿಜಯದಶಮಿ ದಿನ ಬನ್ನಿ ಮುಡಿಯಲು ಮನೆಯವರೆಲ್ಲ ಊರಾಚೆ ಹೋದೆವು. ದಾರಿ ಕೆರೆ ಏರಿ ಮೇಲೆ. ಕೆರೆ ಅರ್ಧ ತುಂಬಿತ್ತು. ಕೋಡಿ ಕಲ್ಲು ತೋರಿಸಿ ಅಜ್ಜಿ, "ಇದು ತುಂಬಿದ್ರೆ ಇಲ್ಲಿಂದ ಕೆಳಗಿನ ಊರಿನ ಕೆರೆಗೆ ಹೋಗೈತೆ, ಅದು ತುಂಬಿದ್ರೆ ಹಳ್ಳಕ್ಕೆ" ಅಂದರು. ಮೂರನೇ ಪ್ರಶ್ನೆಗೆ ಉತ್ತರ ನಮ್ಮೂರಲ್ಲೇ ಸಿಕ್ಕಿತು. ಆಗಲೇ ಅಪ್ಪ, ಸುಗ್ಗಿ ಕೆಲಸ ಹಿಡಿಯುವುದರೊಳಗೆ ದುರ್ಗ, ಮಾರಿಕಣಿವೆ ನೋಡಿಕೊಂಡು ಬರೋಣ ಅಂದದ್ದು.

ಬಸ್ಸಿನಲ್ಲಿ ಅಜ್ಜಿ, ಅವ್ವ, ನಾನು ಆಧಾರ್ ಕಾರ್ಡು ತೋರಿಸಿ ದುಡ್ಡಿಲ್ಲದ ಟಿಕೆಟ್ಟಿನಲ್ಲಿ ಹೋದೆವು. ದುಡ್ಡು ಕೊಟ್ಟವರು ಅಪ್ಪ ಮತ್ತು ತಮ್ಮ ಇಬ್ಬರೇ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಚಿತ್ರಾನ್ನ.

ಚಿತ್ರದುರ್ಗದ ಕೋಟೆಗೆ ಏಳು ಸುತ್ತು ಇದೆ ಎಂಬುದು ನಿಮಗೆ ಗೊತ್ತು. ಕಡೆಯ ಪಾಳೆಯಗಾರ ಮದಕರಿನಾಯಕನಿಂದ ಹೈದರಾಲಿ ಅದನ್ನು ಗೆದ್ದದ್ದು 1779ರಲ್ಲಿ. ಪುಸ್ತಕದಲ್ಲಿ ಗೋಡೆ, ಬತೇರಿ, ಬಾಗಿಲುಗಳ ವಿಷಯ ಬೇಕಾದಷ್ಟಿದೆ. ನನಗೆ ಆಶ್ಚರ್ಯವಾದದ್ದು ಬೇರೆ. ಇದು ಬರಗಾಲದ ಸೀಮೆ. ಬೆಟ್ಟದ ಮೇಲೆ ನದಿ ಇಲ್ಲ, ಹಳ್ಳ ಇಲ್ಲ. ಮುತ್ತಿಗೆ ಹಾಕಿದ ಶತ್ರು ತಿಂಗಳುಗಟ್ಟಲೆ ಕೆಳಗೆ ಕೂತರೆ ಒಳಗಿನ ಜನ, ಕುದುರೆ, ದನ ಕುಡಿಯುವುದೇನು? ಗೋಡೆ ಎಷ್ಟು ದಪ್ಪ ಇದ್ದರೂ ನೀರಿಲ್ಲದಿದ್ದರೆ ಬಾಗಿಲು ತಾನಾಗಿ ತೆಗೆಯಬೇಕಾಗುತ್ತದೆ.

ಅದಕ್ಕೆ ಅವರು ಮಾಡಿದ ಉಪಾಯ ಹೊಂಡಗಳು. ಬೆಟ್ಟವೆಲ್ಲ ಬೋಳು ಬಂಡೆ. ಹೊಲದ ಮಣ್ಣಾದರೆ ಮಳೆಯನ್ನು ಕುಡಿಯುತ್ತದೆ, ಬಂಡೆ ಕುಡಿಯುವುದಿಲ್ಲ. ಬಿದ್ದ ನೀರಲ್ಲಿ ಬಹುಪಾಲು ಜಾರಿ ಕೆಳಗೆ ಬರುತ್ತದೆ. ನಮ್ಮ ಶಾಲೆಯ ಮಾಳಿಗೆಯ ಹಾಗೆಯೇ, ಆದರೆ ಬೆಟ್ಟದಷ್ಟು ದೊಡ್ಡ ಮಾಳಿಗೆ. ಎರಡು ಗುಡ್ಡಗಳ ನಡುವೆ ತಗ್ಗು ಇರುವ ಕಡೆ ಅಡ್ಡ ಕಟ್ಟಿದರೆ ನೀರು ನಿಲ್ಲುತ್ತದೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಪೇಟೆಯೊಳಗಿನ ಸಂತೆ ಹೊಂಡಕ್ಕೆ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೇ ಯಂತ್ರ. ಇದರಲ್ಲಿ ಇನ್ನೊಂದು ಲಾಭ ಇದೆ. ನೀರು ಮೇಲಿನ ಹೊಂಡದಲ್ಲಿ ನಿಂತಾಗ ಮಣ್ಣು, ಮರಳು ತಳಕ್ಕೆ ಕೂರುತ್ತದೆ, ಅಂಚು ಮೀರಿ ಕೆಳಗೆ ಹೋಗುವುದು ಮೇಲಿನ ತಿಳಿ. ನಾವು 8ನೇ ತರಗತಿಯಲ್ಲಿ ಗಾಜಿನ ಲೋಟದಲ್ಲಿ ಮಾಡಿದ ಪ್ರಯೋಗವೇ ಇದು.

ಅಜ್ಜಿ ಮಂಡಿನೋವಿನಲ್ಲೂ ಅವ್ವನ ತೋಳು ಹಿಡಿದುಕೊಂಡು ಅಕ್ಕ-ತಂಗಿ ಹೊಂಡದ ತನಕ ಬಂದರು. ಕಲ್ಲಿನ ಮೇಲೆ ಕೂತು ಬಹಳ ಹೊತ್ತು ನೀರು ನೋಡಿದರು. ಆಮೇಲೆ ಅಪ್ಪನಿಗೆ, "ನೋಡಪ್ಪ, ಇವರು ಬೋರು ಹೊಡೆಸಿರಲಿಲ್ಲ" ಅಂದರು. ಅಪ್ಪ ನಕ್ಕು, "ಇವರಿಗೆ ಬಂಡೆ ಇತ್ತು ಕಣವ್ವ, ನಮ್ಮದು ಕೆಂಪು ಮಣ್ಣು. ಹೊಂಡ ತೆಗೆದ್ರೆ ತಳದಾಗೆ ಇಂಗಿ ಹೋಗೈತೆ" ಅಂದರು. ಇಬ್ಬರ ಮಾತಿನಲ್ಲೂ ವಿಜ್ಞಾನ ಇದೆ ಎಂದು ನನಗೆ ಅನಿಸಿತು.

ಒನಕೆ ಓಬವ್ವನ ಕಿಂಡಿಯನ್ನೂ ನೋಡಿದೆವು. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾಗ ಓಬವ್ವ ಹೊರಗೆ ಹೋದದ್ದು ಯಾಕೆ, ನೆನಪಿದೆಯೇ? ಕುಡಿಯುವ ನೀರು ತರಲು. ನೀರಿಗೆ ಹೋದವಳ ಕಣ್ಣಿಗೆ ಕಿಂಡಿಯಲ್ಲಿ ನುಸುಳುವ ಹೈದರನ ಸೈನಿಕರು ಬಿದ್ದರು. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಎಂಬ ಚಿಕ್ಕ ನೀರಿನ ಜಾಗ ಇದೆ. ಕಥೆಯಲ್ಲಿ ನಾವು ಒನಕೆಯನ್ನು ನೆನಪಿಟ್ಟು ಕೊಡವನ್ನು ಮರೆತಿದ್ದೇವೆ.

ಮಧ್ಯಾಹ್ನದ ಮೇಲೆ ಕೋಟೆಯ ಹಿಂಬದಿಯ ಚಂದ್ರವಳ್ಳಿಗೆ ಹೋದೆವು. ಅಲ್ಲಿ ಪ್ರೊ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಉತ್ಖನನ ನಡೆಸಿದ್ದರು. ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯಲ್ಲಿ ಕದಂಬರ ಮಯೂರಶರ್ಮನ ಪ್ರಾಕೃತ ಭಾಷೆಯ ಶಾಸನ ಇದೆ, ಕ್ರಿ.ಶ. 4ನೇ ಶತಮಾನದ್ದು. ರಾಜ ಅದರಲ್ಲಿ ಹೇಳಿಸಿರುವ ಕೆಲಸ ಕೆರೆ ಕಟ್ಟಿಸಿದ್ದು. ಹದಿನಾರು ನೂರು ವರ್ಷದ ಹಿಂದೆಯೂ ಈ ಸೀಮೆಯಲ್ಲಿ ಬಂಡೆಯ ಮೇಲೆ ಕೆತ್ತಿಸುವಷ್ಟು ದೊಡ್ಡ ವಿಷಯ ನೀರೇ. ಸಮಾಜದ ಮೇಡಂ ಅವರಿಗೆ ಇದು ಇಷ್ಟವಾಗುತ್ತದೆಂದು ಬರೆದಿದ್ದೇನೆ.

ಎರಡು ದಿನ ಬಿಟ್ಟು ಹಿರಿಯೂರಿನ ಮೇಲೆ ಮಾರಿಕಣಿವೆಗೆ ಹೋದೆವು. ಇದರ ಹೆಸರು ವಾಣಿವಿಲಾಸ ಸಾಗರ. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರು. ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಕಲ್ಲು ಮತ್ತು ಸುಣ್ಣದ ಗಾರೆಯ ಕಟ್ಟೆ. ವೇದಾವತಿ ನದಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ತೂರಿ ಬರುವ ಜಾಗವನ್ನೇ ಹುಡುಕಿ ಅಡ್ಡ ಕಟ್ಟಿದ್ದಾರೆ. ಚಿಕ್ಕ ಗೋಡೆಗೆ ದೊಡ್ಡ ನೀರು. ದುರ್ಗದ ಹೊಂಡದ ಉಪಾಯವೇ, ಅಳತೆ ಮಾತ್ರ ಬೇರೆ.

ನೀರು 130 ಅಡಿ ನಿಂತರೆ ಅಣೆಕಟ್ಟೆ ಭರ್ತಿ. ಆಗ ಸುಮಾರು 30 ಟಿ.ಎಂ.ಸಿ. ನೀರು. ರೇಡಿಯೋದಲ್ಲಿ ಕೇಳುವ ಈ ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಒಂದು ಘನ ಅಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಹಾಗಾಗಿ 1 ಟಿ.ಎಂ.ಸಿ. ಎಂದರೆ ಸುಮಾರು 2,830 ಕೋಟಿ ಲೀಟರ್. ಕಟ್ಟೆ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ. ಏಕೆಂದರೆ ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ. ಬಾಟಲಿಗೆ ಮೇಲೆ ಕೆಳಗೆ ಮೂರು ತೂತು ಮಾಡಿ ನೀರು ತುಂಬಿಸಿ ನೋಡಿ, ಮೇಲಿನ ತೂತಿಗಿಂತ ಕೆಳಗಿನದರಲ್ಲಿ ನೀರು ಜೋರಾಗಿ ಚಿಮ್ಮುತ್ತದೆ. (ಬಾಟಲಿಯನ್ನು ಸ್ಟೂಲಿನ ಮೇಲೆ ಇಡಿ.)

ನಾವು ಹೋದ ದಿನ ಕೋಡಿ ಹರಿಯುತ್ತಿರಲಿಲ್ಲ, ನೀರು ಮಾತ್ರ ಕಣ್ಣು ಹೋದಷ್ಟು ದೂರ ಇತ್ತು. ಈ ಅಣೆಕಟ್ಟೆ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ! 89 ವರ್ಷ. ಭದ್ರಾ ನೀರೂ ಇದಕ್ಕೆ ಬರಲು ಶುರುವಾದ ಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. "ನಮ್ಮಪ್ಪ ಕೋಡಿ ನೋಡಿದ್ನಂತೆ, ನನ್ನ ಜೀವಮಾನದಾಗೆ ಆಗಲ್ಲ ಅಂತ ಮಾಡಿದ್ದೆ" ಎಂದು ಅಜ್ಜಿ ಕಟ್ಟೆಗೆ ಕೈಮುಗಿದರು. ನಡುವಿನ 89 ವರ್ಷವೂ ಕಟ್ಟೆ ಖಾಲಿ ಇರಲಿಲ್ಲ ಎನ್ನುವುದನ್ನು ಗಮನಿಸಬೇಕು. ತುಂಬದೇ ಇದ್ದರೂ ಹಿರಿಯೂರಿನ ತೆಂಗು, ಅಡಿಕೆಗೆ ನೀರು ಕೊಟ್ಟಿದೆ.

ವಾಪಸ್ಸು ಬಂದು ನಾನೂ ಅಪ್ಪನೂ ಹೊಲದ ತಗ್ಗಿನ ಮೂಲೆ ಅಳೆದೆವು. ಲೆಕ್ಕವನ್ನು ಗಣಿತದ ಮೇಷ್ಟ್ರು ತಿದ್ದಿಕೊಟ್ಟರು. ಹೊಂಡದ ದಡ ನೆಟ್ಟಗಿದ್ದರೆ ಕುಸಿಯುತ್ತದೆ, ಓರೆ ಇರಬೇಕು. ಮೇಲೆ 10 ಮೀಟರ್ ಚೌಕ, ತಳದಲ್ಲಿ 4 ಮೀಟರ್ ಚೌಕ, ಆಳ 3 ಮೀಟರ್ ಆದರೆ ಹಿಡಿಯುವುದು 1,56,000 ಲೀಟರ್. ನಮ್ಮ ನಾಲ್ಕು ಎಕರೆ ಎಂದರೆ ಸುಮಾರು 16,000 ಚದರ ಮೀಟರ್. ಅದರ ಮೇಲೆ 25 ಮಿ.ಮೀ. ಮಳೆ ಬಿದ್ದರೆ 4 ಲಕ್ಷ ಲೀಟರ್. ಮಣ್ಣು ಕುಡಿದು ಹತ್ತರಲ್ಲಿ ಒಂದು ಪಾಲು ಹರಿದು ಬಂತೆಂದರೂ 40,000 ಲೀಟರ್. ಅಂಥ ನಾಲ್ಕು ಮಳೆಗೆ ಹೊಂಡ ತುಂಬುತ್ತದೆ.

ತುಂಬಿದರೆ ಎಷ್ಟಕ್ಕೆ ಸಾಕು? ಒಂದು ಎಕರೆಗೆ ಸುಮಾರು 38 ಮಿ.ಮೀ. ಮಳೆ ಬಂದಂತೆ. ಅಡಿಕೆ ತೋಟಕ್ಕೆ ಸಾಲದು. ಆದರೆ ಶೇಂಗಾ ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ ಒಂದು ಎಕರೆಗೆ ಒಂದು ಸಲ ನೀರು ಹಾಯಿಸಬಹುದು. ಅಪ್ಪ ಹೇಳಿದ ಇಂಗುವ ತೊಂದರೆಗೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಬಿಸಿಲಿಗೆ ಆವಿಯಾಗುವುದನ್ನು ನಾನು ಲೆಕ್ಕದಲ್ಲಿ ಹಿಡಿದಿಲ್ಲ. ಅಪ್ಪ ಹಾಳೆಯನ್ನು ಎರಡು ಸಲ ಓದಿ ಮಡಿಚಿ ಅಂಗಿ ಜೇಬಿಗೆ ಹಾಕಿಕೊಂಡರು. ಬೋರಿನ ಗಾಡಿಯವರಿಗೆ ದೀಪಾವಳಿ ಕಳೀಲಿ ಅಂತ ಹೇಳಿ ಕಳಿಸಿದ್ದಾರೆ. ಅಜ್ಜಿ ಈಗ ಊಟಕ್ಕೆ ಕೂತಾಗ ಏನೂ ಮಾತಾಡುವುದಿಲ್ಲ, ನನ್ನ ಮುಖ ನೋಡುತ್ತಾರೆ.

ಸ್ವಾತಿ ಮಳೆ ಇನ್ನೂ ಬಾಕಿ ಇದೆ. ಡಬ್ಬಿ ಇಡುವವರು ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಅಳತೆಯನ್ನು ಈ ಪತ್ರಿಕೆಯ ಕೆಳಗೆ ಅಂಟಿಸಿರುವ ಹಾಳೆಯಲ್ಲಿ ತಾರೀಖಿನ ಸಮೇತ ಬರೆಯಿರಿ. ಪೆನ್ಸಿಲ್ ದಾರಕ್ಕೆ ಕಟ್ಟಿದೆ, ದಯವಿಟ್ಟು ಬಿಚ್ಚಬೇಡಿ.