ಮೋರಖಂಡಿ ಸೀಮೆಯಲ್ಲಿ ಒಂದಷ್ಟು ಕಾಲ: ಬಂದು ಉಳಿಯುವವರಿಗೆ, ಮರಳಿ ಹೋಗುವವರಿಗೆ

ಬಸವಕಲ್ಯಾಣವನ್ನು ಅರ್ಧ ದಿನದಲ್ಲಿ ನೋಡಿ ಮುಗಿಸುವವರೇ ಹೆಚ್ಚು. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿ ಬರುತ್ತಾರೆ, ಸಸ್ತಾಪುರ ಬಂಗ್ಲಾ ಹತ್ತಿರ ಒಳಕ್ಕೆ ತಿರುಗುತ್ತಾರೆ, ಕೋಟೆ ಮತ್ತು ಅನುಭವ ಮಂಟಪದ ಮುಂದೆ ಫೋಟೊ ತೆಗೆಸಿಕೊಂಡು ಸಂಜೆಯೊಳಗೆ ಮತ್ತೆ ಹೆದ್ದಾರಿ ಹಿಡಿಯುತ್ತಾರೆ. ಈ ಬರಹ ಅವರಿಗಲ್ಲ. ಬೆಂಗಳೂರು, ಪುಣೆ, ದುಬೈ ಅಥವಾ ಅಮೆರಿಕದಲ್ಲಿ ನೆಲೆಸಿ, ತಿಂಗಳೋ ಎರಡು ತಿಂಗಳೋ ಬಿಡುವು ಮಾಡಿಕೊಂಡು ಈ ಕಡೆ ಬಂದು ಇರಬೇಕೆನ್ನುವವರಿಗೆ, ಇದ್ದು ಮರಳುವವರಿಗೆ ಇದು. ಕಲ್ಯಾಣ ಸೀಮೆ ಅವಸರದವರಿಗೆ ತನ್ನ ಮುಖ ತೋರುವುದಿಲ್ಲ. ಮರಳುವ ತಯಾರಿಯನ್ನು ಬಂದ ದಿನವೇ ಶುರು ಮಾಡಿದವರಿಗೆ ಮಾತ್ರ ಇಲ್ಲಿಯ ವಾಸ ಪೂರ್ತಿ ದಕ್ಕುತ್ತದೆ.

ಮೊದಲು ಬಂದವರು

ದೂರದಿಂದ ಬಂದು ಇಲ್ಲಿ ಬಹುಕಾಲ ಇದ್ದವರ ಕಥೆ ಈ ನೆಲಕ್ಕೆ ಹೊಸದಲ್ಲ. ಹೊರಡುವ ಮೊದಲು ಮೂವರನ್ನು ನೆನೆಯಿರಿ.

ಒಬ್ಬ ಬಿಲ್ಹಣ. ಶ್ರೀನಗರದ ಹತ್ತಿರದ ಖೊನಮುಖದವನು. ಮಥುರೆ, ಕನೌಜ್, ಕಾಶಿಗಳನ್ನು ದಾಟಿ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನ ಸೇರಿ ವಿದ್ಯಾಪತಿ ಎನಿಸಿಕೊಂಡ. ದೊರೆಯ ಚರಿತೆಯಾದ ‘ವಿಕ್ರಮಾಂಕದೇವಚರಿತ’ದ ಕೊನೆಯ, ಹದಿನೆಂಟನೆಯ ಸರ್ಗವನ್ನು ಆತ ತನ್ನ ಕಾಶ್ಮೀರಕ್ಕೆ, ತನ್ನ ಮನೆತನಕ್ಕೆ, ತನ್ನ ಅಲೆದಾಟಕ್ಕೆ ಮೀಸಲಿಟ್ಟ. ಹುಟ್ಟೂರಿನಿಂದ ಇಷ್ಟು ದೂರದಲ್ಲಿ ಮನ್ನಣೆ ಪಡೆದವನಿಗೂ ಊರು ಮರೆತಿರಲಿಲ್ಲ.

ಇನ್ನೊಬ್ಬ ಮೋಳಿಗೆಯ ಮಾರಯ್ಯ. ಅವನೂ ಕಾಶ್ಮೀರದವನು, ಅಲ್ಲಿಯ ಅರಸ ಎನ್ನುತ್ತದೆ ಶರಣ ಪರಂಪರೆ. ಹೆಂಡತಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆ ಹೊರೆ ಮಾರಿ ಬದುಕಿದ. ಅವನು ತಿರುಗಿ ಹೋಗಲೇ ಇಲ್ಲ. ಹುಮನಾಬಾದ್ ಕಡೆಯ ಮೊಳಕೇರಾದಲ್ಲಿ ಇಂದಿಗೂ ಅವನ ಹೆಸರಿನ ಗವಿ ತೋರಿಸುತ್ತಾರೆ.

ಮೂರನೆಯವನು ಅಫನಾಸಿ ನಿಕಿತಿನ್, ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ. ಬಹಮನಿ ಸುಲ್ತಾನರ ಬೀದರಿಗೆ 1470ರ ಆಸುಪಾಸಿನಲ್ಲಿ ಬಂದ. ಸಂಗಡ ತಂದಿದ್ದ ಕುದುರೆಯನ್ನು ಬೀದರಿನಲ್ಲಿ ಮಾರಿದ, ಊರಿನವರ ಗೆಳೆತನ ಮಾಡಿದ, ಅವರೊಡನೆ ಶಿವರಾತ್ರಿಗೆ ಶ್ರೀಪರ್ವತಕ್ಕೆ ಹೋದ. ಆಳಂದದ ಜಾತ್ರೆಯ ಕುದುರೆ ವ್ಯಾಪಾರವನ್ನು ಬರೆದಿಟ್ಟ. ದಾರಿಯಲ್ಲಿ ದರೋಡೆಯಾಗಿ ಪುಸ್ತಕಗಳು ಹೋಗಿದ್ದರಿಂದ ತನ್ನ ಹಬ್ಬಗಳ ದಿನ ಲೆಕ್ಕಕ್ಕೆ ಸಿಗದೆ ಸಂಕಟಪಟ್ಟ. ಕೊನೆಗೆ ದಾಬೋಳದಿಂದ ಹಡಗು ಹತ್ತಿ, ಪರ್ಶಿಯ ದಾಟಿ ಹೊರಟವನು ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಅವನ ಟಿಪ್ಪಣಿಗಳು ಮಾತ್ರ 1475ರಲ್ಲಿ ಮಾಸ್ಕೋ ಸೇರಿದವು. ಅವನು ಮನೆ ಮುಟ್ಟದಿದ್ದರೂ ಬರಹ ಮುಟ್ಟಿತು. ಅದರಿಂದಲೇ ಆ ಕಾಲದ ಬೀದರಿನ ಬೀದಿ, ಉಡುಪು, ಊಟಗಳು ನಮಗೆ ಗೊತ್ತಾಗಿವೆ.

ಯಾವಾಗ, ಹೇಗೆ ಬರಬೇಕು

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ದಿನಗಳೇ ಒಳ್ಳೆಯವು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಸವ ಜಯಂತಿಗೇ ಬರಬೇಕೆನ್ನುವವರು ಆ ಬಿಸಿಲಿಗೆ ಸಿದ್ಧರಾಗಿ ಬರಲಿ. ಕಲ್ಯಾಣದ ಶರಣ ಸಮಾವೇಶಗಳು ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್‌ನಲ್ಲಿ, ಹುಮನಾಬಾದ್ ಹೊರಗಿನ ಮಾಣಿಕ ನಗರದ ದತ್ತ ಜಯಂತಿ ಡಿಸೆಂಬರ್‌ನಲ್ಲಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ. ಇವುಗಳ ನಡುವೆ ಎಳ್ಳು ಅಮಾವಾಸ್ಯೆ ಬರುತ್ತದೆ. ನವೆಂಬರ್ ಕೊನೆಗೆ ಬಂದು ಜನವರಿ ಕೊನೆಗೆ ಮರಳುವ ಲೆಕ್ಕ ಹಾಕಿದರೆ ಹಬ್ಬ, ಹೊಲ, ಜಾತ್ರೆ ಎಲ್ಲವೂ ಸಿಗುತ್ತವೆ.

ವಿದೇಶದಿಂದ ಬರುವವರಿಗೆ ಹೈದರಾಬಾದ್ ವಿಮಾನ ನಿಲ್ದಾಣವೇ ಅನುಕೂಲ. ಕಲಬುರಗಿ ವಿಮಾನ ನಿಲ್ದಾಣ 2019ರಲ್ಲಿ, ಬೀದರಿನದು 2020ರಲ್ಲಿ ನಾಗರಿಕ ಸೇವೆಗೆ ತೆರೆದವು. ಆದರೆ ಅಲ್ಲಿಯ ವೇಳಾಪಟ್ಟಿ ಬದಲಾಗುತ್ತಿರುತ್ತದೆ, ನೋಡಿಕೊಂಡೇ ಟಿಕೆಟ್ ಮಾಡಿಸಿ. ಬಸವಕಲ್ಯಾಣಕ್ಕೆ ರೈಲಿಲ್ಲ. ಹತ್ತಿರದ ನಿಲ್ದಾಣ ಹುಮನಾಬಾದ್. ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರ್‌ನಲ್ಲಿ ಪೂರ್ತಿ ಸಂಚಾರಕ್ಕೆ ತೆರೆದ ಮೇಲೆ ಈ ಊರಿಗೆ ಎರಡೂ ಕಡೆಯಿಂದ ರೈಲು ಸಿಕ್ಕಿತು. ಹುಮನಾಬಾದ್‌ನಿಂದ ಬಸವಕಲ್ಯಾಣ ಸುಮಾರು 30 ಕಿ.ಮೀ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ದಿನವಿಡೀ ಇವೆ. ಹಳ್ಳಿಗಳಿಗೆ ಟಂಟಂ. ರಾಜ್ಯದ ನಿವಾಸಿ ಎನ್ನುವ ಗುರುತಿನ ಚೀಟಿ ಇರುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅವ್ವನನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ತಿರುಗಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ವಸತಿಗೆ ಬಸವಕಲ್ಯಾಣ ಅಥವಾ ಹುಮನಾಬಾದನ್ನು ನೆಲೆ ಮಾಡಿಕೊಳ್ಳಿ. ಎರಡೂ ಕಡೆ ಲಾಡ್ಜುಗಳಿವೆ. ಮಾಣಿಕ ನಗರದಲ್ಲಿ ಭಕ್ತರಿಗೆ ತಂಗುವ ಏರ್ಪಾಡಿದೆ. ತಿಂಗಳುಗಟ್ಟಲೆ ಇರುವವರು ಬಾಡಿಗೆ ಮನೆ ಹಿಡಿಯುವುದೇ ಮೇಲು. ವಯಸ್ಸಾದವರು ಜೊತೆಗಿದ್ದರೆ ದೊಡ್ಡ ಆಸ್ಪತ್ರೆಗೆ ಬೀದರ್ ಅಥವಾ ಕಲಬುರಗಿಗೆ ಹೋಗಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಿ. ನಿತ್ಯದ ಔಷಧಿಯನ್ನು ವೈದ್ಯರ ಚೀಟಿಯೊಡನೆ ಸಾಕಷ್ಟು ತಂದುಕೊಳ್ಳಿ.

ಮೊದಲ ವಾರ: ಬಸವಕಲ್ಯಾಣ

ಮೊದಲನೆಯ ಸೋಮೇಶ್ವರ (1042–1068) ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಅಂದಿನಿಂದ ಈ ಊರು ದಖ್ಖನಿನ ಹೃದಯವಾಯಿತು. ಕೋಟೆಯನ್ನು ಬೆಳಗ್ಗೆಯೇ ನೋಡಿ. ಈಗ ಕಾಣುವ ಕಟ್ಟಡದಲ್ಲಿ ಬಹಮನಿ ಕಾಲದ ಮತ್ತು ಅನಂತರದ ಕೆಲಸವೇ ಹೆಚ್ಚು. ಒಳಗಿನ ವಸ್ತು ಸಂಗ್ರಹಾಲಯದ ಮೂರ್ತಿಗಳ ಮುಂದೆ ನಿಂತರೆ ಹಳೆಯ ಕಲ್ಯಾಣ ಕಣ್ಣಿಗೆ ಬೀಳುತ್ತದೆ.

ಶರಣರ ಕಲ್ಯಾಣವನ್ನು ನಡೆದೇ ನೋಡಬೇಕು. ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಪರುಷ ಕಟ್ಟೆ, ಬಸವೇಶ್ವರ ದೇವಸ್ಥಾನ, ಹರಳಯ್ಯನ ಗವಿ ಇವನ್ನೆಲ್ಲ ಒಂದೇ ದಿನಕ್ಕೆ ತುರುಕಬೇಡಿ. ದಿನಕ್ಕೆ ಒಂದೆರಡು ಜಾಗ ಸಾಕು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿ ಮೀರಿ ಆದ ಮದುವೆ 12ನೇ ಶತಮಾನದಲ್ಲಿ ಈ ಊರನ್ನು ಹೇಗೆ ಅಲ್ಲಾಡಿಸಿತು ಎಂದು ಓದಿಕೊಂಡು ಆ ಗವಿಯ ಒಳಗೆ ಕಾಲಿಡಿ. ಹಳೆಯ ಅನುಭವ ಮಂಟಪವನ್ನು ನೋಡಿದ ಮೇಲೆ, 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಹೊಸ ಅನುಭವ ಮಂಟಪದ ಕಡೆ ಹೋಗಿ. ಊರ ಪಕ್ಕದ ನಾರಾಯಣಪುರದ ಚಾಲುಕ್ಯ ಶಿವಾಲಯವನ್ನು ಬಿಡಬೇಡಿ. ಗುರುವಾರ ಸಂಜೆ ರಾಜಾ ಬಾಗ್ ಸವಾರ್ ದರ್ಗಾದ ಕಡೆಯೂ ಹೋಗಿ ಬನ್ನಿ. ಕಲ್ಯಾಣದ ಜನ ಎಷ್ಟು ಬಗೆಯಲ್ಲಿ ಕೈಮುಗಿಯುತ್ತಾರೆ ಎಂಬುದು ಅಲ್ಲಿ ತಿಳಿಯುತ್ತದೆ.

ಎರಡನೆಯ ವಾರ: ಮೋರಖಂಡಿ

ಬಸವಕಲ್ಯಾಣ ತಾಲ್ಲೂಕಿನ ಈ ಹಳ್ಳಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಒಂದು ಚರ್ಚೆಯ ಜೊತೆ ಬರುತ್ತದೆ. ರಾಷ್ಟ್ರಕೂಟ ದೊರೆ ಮುಮ್ಮಡಿ ಗೋವಿಂದ (793–814) 807–808ರ ಸುಮಾರಿಗೆ ಹೊರಡಿಸಿದ ವಾಣಿ ಮತ್ತು ರಾಧನಪುರದ ತಾಮ್ರಪಟಗಳಲ್ಲಿ ದೊರೆ ಮಯೂರಖಂಡಿಯಲ್ಲಿದ್ದು ದಾನ ಕೊಟ್ಟನೆಂದಿದೆ. ಅಮೋಘವರ್ಷ ಮಾನ್ಯಖೇಟವನ್ನು ಕಟ್ಟುವ ಮೊದಲಿನ ಮಾತಿದು. ಆ ಮಯೂರಖಂಡಿ ಇದೇ ಮೋರಖಂಡಿ ಎಂದು ಕೆಲವು ವಿದ್ವಾಂಸರು ಹೇಳಿದರೆ, ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾರ್ಕಿಂಡಾ ಬೆಟ್ಟ ಎಂದು ಬೇರೆಯವರು ವಾದಿಸುತ್ತಾರೆ. ಇಲ್ಲಿಗೆ ಅರಮನೆ ಹುಡುಕಿಕೊಂಡು ಬರಬೇಡಿ. ದುಡಿದು ಉಣ್ಣುವ ಜನರ ಊರು ಇದು.

ಹೋಗುವಾಗ ಪರಿಚಯದವರ ಮೂಲಕ ಹೋಗಿ. ಮೊದಲು ಗುಡಿಯ ಕಟ್ಟೆಗೆ ಹೋಗಿ ಕುಳಿತುಕೊಳ್ಳಿ. ಹಿರಿಯರನ್ನು ಮುತ್ಯಾ, ಕಾಕಾ, ಆಯಿ ಎಂದು ಕರೆದು ಮಾತು ಶುರು ಮಾಡಿ. “ಯಾವೂರ್ರಿ ನಿಮ್ದು?” ಎಂದು ಕೇಳುತ್ತಾರೆ, ಕೇಳಿದವರಿಗೆ ನಿಮ್ಮ ಅಜ್ಜನ ಊರು, ಮನೆತನ, ಈಗಿನ ಕೆಲಸ ಎಲ್ಲ ಹೇಳಿ. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಯಾರು ಯಾವುದರಲ್ಲಿ ಮಾತಾಡಿದರೂ ಉತ್ತರ ಸಿಗುತ್ತದೆ. ಹೆಣ್ಣುಮಕ್ಕಳ, ಮಕ್ಕಳ ಫೋಟೊವನ್ನು ಕೇಳದೆ ತೆಗೆಯಬೇಡಿ. ಹೊಲದ ಬದುವಿನಲ್ಲಿ ನಡೆಯುವಾಗ ಬೆಳೆ ತುಳಿಯಬೇಡಿ. ತೊಗರಿ, ಕಡಲೆ, ಜೋಳ ನಿಂತ ಕರಿ ನೆಲವನ್ನು ಬೆಳಗಿನ ಹೊತ್ತು ನೋಡಿದವರು ಅದನ್ನು ಮರೆಯುವುದಿಲ್ಲ.

ಎಳ್ಳು ಅಮಾವಾಸ್ಯೆಯ ದಿನ ಯಾರಾದರೂ ಹೊಲಕ್ಕೆ ಕರೆದರೆ ಇಲ್ಲವೆನ್ನಬೇಡಿ. ಭೂಮಿತಾಯಿಗೆ ಪೂಜೆ ಮಾಡಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಹಲವು ಕಾಳು ಸೊಪ್ಪು ಕೂಡಿಸಿ ಮಾಡಿದ ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆಗಳನ್ನು ಎಲ್ಲರೂ ಕೂತು ಉಣ್ಣುವ ಹಬ್ಬ ಅದು. ಬರಿಗೈಯಲ್ಲಿ ಹೋಗಬೇಡಿ, ಹಣ್ಣು ಒಯ್ಯಿರಿ. ಊಟಕ್ಕೆ ದುಡ್ಡು ಕೊಡಲು ಹೋದರೆ ಮನೆಯವರಿಗೆ ನೋವಾಗುತ್ತದೆ.

ಮೂರನೆಯ ವಾರ: ಹುಮನಾಬಾದ್

ಮಾಣಿಕ ಪ್ರಭು (1817–1865) ಹುಟ್ಟಿದ್ದು ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ. ಚಿಕ್ಕಂದಿನಲ್ಲೇ ಮನೆ ಬಿಟ್ಟು, ಮಂಠಾಳದ ಗವಿಯಲ್ಲಿದ್ದು, ಊರೂರು ತಿರುಗಿ, 1845ರಲ್ಲಿ ಹುಮನಾಬಾದ್ ಹೊರಗೆ ನೆಲೆ ನಿಂತರು. ಅದೇ ಮಾಣಿಕ ನಗರ. ಎಲ್ಲ ಮತಗಳೂ ಸತ್ಯವೆಂದು ಸಾರುವ ಅವರ ಸಕಲಮತ ಸಂಪ್ರದಾಯ ಈ ಸೀಮೆಯಲ್ಲೇ ಹುಟ್ಟಿದ್ದು ಸಹಜ. ಅವರು ಕನ್ನಡ, ಮರಾಠಿ, ಉರ್ದುಗಳಲ್ಲಿ ಪದ ಕಟ್ಟಿದರು. ಸಂಗೀತದ ಆಸಕ್ತಿ ಇರುವವರು ದತ್ತ ಜಯಂತಿಯ ದಿನಗಳಲ್ಲಿ ಇಲ್ಲಿರಲೇಬೇಕು.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಒಂದು ಪೂರ್ತಿ ದಿನ ಇಡಿ. ಅಲ್ಲಿಯ ಚಾಲುಕ್ಯ ದೇಗುಲದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಅವಳು ಬರೆಯುತ್ತಿರುವುದು ಬಿಲ್ಹಣನ ಆಶ್ರಯದಾತ ವಿಕ್ರಮಾದಿತ್ಯನ ಹೊಗಳಿಕೆಯನ್ನೇ. ಇಳಿಬಿಸಿಲಿನಲ್ಲಿ ಗೋಡೆಯ ಶಿಲ್ಪಗಳು ಚೆನ್ನಾಗಿ ಕಾಣುತ್ತವೆ.

ಉಳಿದ ದಿನಗಳಲ್ಲಿ ಬೀದರಿಗೆ ಹೋಗಿ ಕೋಟೆಯನ್ನೂ ಮಹಮೂದ್ ಗವಾನನ ಮದರಸಾವನ್ನೂ (1472) ನೋಡಿ. ನಿಕಿತಿನ್ ನಡೆದಾಡಿದ ಪಟ್ಟಣ ಅದು. ನಿಜಾಮರ ಕಾಲದಲ್ಲಿ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ (1890–1999) ಭಾಲ್ಕಿ ಮಠಕ್ಕೆ ಕನ್ನಡಿಗರೆಲ್ಲರೂ ಒಮ್ಮೆ ಹೋಗಬೇಕು.

ಮರಳುವ ಮುನ್ನ

ಕಾಗದಪತ್ರ ಮೊದಲು. ವಿದೇಶಿ ಪಾಸ್‌ಪೋರ್ಟ್ ಇರುವವರು ಲಾಡ್ಜಿನಲ್ಲಿ ಇಳಿದಾಗ ವಿದೇಶಿಯರ ವಿವರದ ಫಾರ್ಮ್ ತುಂಬಿಸಿಕೊಂಡರೇ ಎಂದು ಕೇಳಿಕೊಳ್ಳಿ. ವೀಸಾದ ಮೇಲೆ ನೋಂದಣಿ ಬೇಕೆಂದಿದ್ದರೆ ಬಂದ 14 ದಿನದೊಳಗೆ ಮುಗಿಸಿ. ಅನಿವಾಸಿ ಭಾರತೀಯರು ಒಂದು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ತೆರಿಗೆಯ ಲೆಕ್ಕಕ್ಕೆ ನಿವಾಸಿಗಳಾಗುತ್ತಾರೆ. ಇಲ್ಲಿಯ ವರಮಾನ 15 ಲಕ್ಷ ರೂಪಾಯಿ ಮೀರಿದವರಿಗೆ 120 ದಿನದಿಂದಲೇ ತೊಡಕು ಶುರು. ಹೊಲ, ಮನೆ, ಬಾಡಿಗೆ ಇದ್ದವರು ಹೊರಡುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ. ಪಹಣಿ, ಪಾಲು ಪತ್ರದ ಕೆಲಸ ಇದ್ದರೆ ಮೊದಲ ವಾರದಲ್ಲೇ ಅರ್ಜಿ ಹಾಕಿ, ಕೊನೆಯ ವಾರಕ್ಕೆ ಇಟ್ಟುಕೊಂಡರೆ ಆಗುವುದಿಲ್ಲ.

ಸಾಮಾನಿನ ವಿಷಯ. ಬೀದರಿನ ಬಿದ್ರಿ ಕೆಲಸದ ವಸ್ತುವನ್ನು ಕುಶಲಕರ್ಮಿಯಿಂದಲೇ ಕೊಂಡು ರಶೀದಿ ಇಟ್ಟುಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ತೊಗರಿ ಬೇಳೆ ಒಯ್ಯುವವರು ತಾವಿರುವ ದೇಶದ ಆಹಾರ ನಿಯಮ ನೋಡಿಕೊಳ್ಳಿ. ಹೊಲದಲ್ಲಿ ಸಿಕ್ಕಿತೆಂದು ಯಾರಾದರೂ ಹಳೆಯ ನಾಣ್ಯ, ಮೂರ್ತಿ, ತಾಳೆಗರಿ ಕೊಟ್ಟರೆ ಮುಟ್ಟಬೇಡಿ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನೂ ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಯನ್ನೂ ದೇಶದ ಹೊರಗೆ ಒಯ್ಯುವುದು 1972ರ ಕಾಯ್ದೆಯಂತೆ ಅಪರಾಧ. ಕಲ್ಯಾಣದ ಕಲ್ಲು ಕಲ್ಯಾಣದಲ್ಲೇ ಇರಲಿ.

ಕೊನೆಯ ವಾರ ಹೊಸ ಜಾಗ ನೋಡಬೇಡಿ. ಉಂಡ ಮನೆಗಳಿಗೆ ಹೋಗಿ ಹೇಳಿ ಬನ್ನಿ. ತೆಗೆದ ಫೋಟೊಗಳನ್ನು ಬೀದರಿನಲ್ಲಿ ಕಾಗದಕ್ಕೆ ಹಾಕಿಸಿ ಅವರವರಿಗೆ ಕೊಡಿ. ಕಳಿಸುತ್ತೇನೆ ಎಂದವರು ಕಳಿಸುವುದು ಕಡಿಮೆ. ಊರಿನ ಶಾಲೆಗೆ ಏನಾದರೂ ಕೊಡುವ ಮನಸ್ಸಿದ್ದರೆ ಮುಖ್ಯ ಗುರುಗಳನ್ನು ಕೇಳಿ, ಬೇಕಾದದ್ದನ್ನೇ ಕೊಡಿ.

ಮರಳಿದ ಮೇಲಿನ ಮೊದಲ ವಾರಗಳು ಕಷ್ಟ. ಇಲ್ಲಿ ಬಾಗಿಲಿಗೆ ಬಂದು “ಉಂಡ್ರೇನ್ರಿ?” ಎಂದು ಕೇಳುವವರಿದ್ದರು, ಅಲ್ಲಿ ಇರುವುದಿಲ್ಲ. ಆ ಖಾಲಿತನವನ್ನು ಬರಹಕ್ಕೆ ಕೊಡಿ. ಪ್ರತಿದಿನ ರಾತ್ರಿ ಅರ್ಧ ಪುಟವಾದರೂ ಕನ್ನಡದಲ್ಲಿ ಬರೆದಿಟ್ಟಿದ್ದರೆ ಈಗ ಅದು ಕೈಹಿಡಿಯುತ್ತದೆ. ಯಾರ ಮನೆಯಲ್ಲಿ ಏನು ಉಂಡಿರಿ, ಮುತ್ಯಾ ಯಾವ ಬರಗಾಲದ ಕಥೆ ಹೇಳಿದರು, ತೊಗರಿಗೆ ಯಾವ ಧಾರಣೆ ಇತ್ತು, ಎಲ್ಲ ಬರೆಯಿರಿ, ಮಕ್ಕಳಿಗೆ ಓದಿ ಹೇಳಿ, ಒಂದು ಪ್ರತಿ ಬಸವಕಲ್ಯಾಣದ ಗ್ರಂಥಾಲಯಕ್ಕೆ ಕಳಿಸಿ. ಅರಸರ ದಾನಗಳನ್ನು ತಾಮ್ರದಲ್ಲಿ ಕೊರೆಸಿದ್ದಾರೆ, ಮೋರಖಂಡಿಯ ಇಂದಿನ ಬದುಕನ್ನು ಬರೆದವರು ತೀರ ಕಡಿಮೆ. ಬಂದು ಇದ್ದು ಹೋಗುವ ನೀವೇ ಅದನ್ನು ಬರೆಯಬೇಕು.